ಪರದೆಯಲ್ಲಿ ಮೂಡದ ಹೆಸರುಗಳು

೧೯೮೯ರಲ್ಲಿ ಚನ್ನಗಿರಿಯ ಅಡಿಕೆ ಬೆಳೆಗಾರರ ಸಂಘವೊಂದಕ್ಕೆ ಕಂಪ್ಯೂಟರ್ ಬಂತು. ಅದನ್ನು ಕಲಿಯಲು ದಾವಣಗೆರೆಗೆ ಹೋಗುವವನು ತಾನೇ ಎಂದು ಹಿರಿಯ ಗುಮಾಸ್ತ ಷಣ್ಮುಖಪ್ಪ ಹೊಸ ಪ್ಯಾಂಟು ಹೊಲಿಸಿಕೊಂಡಿದ್ದ. ಆದರೆ ಮ್ಯಾನೇಜರ್ ಜಯದೇವಪ್ಪ ಕಳಿಸಿದ್ದು ಜಗಳೂರಿನಿಂದ ಹೊಸದಾಗಿ ಕೆಲಸಕ್ಕೆ ಬಂದಿದ್ದ ಗಾದ್ರಮ್ಮನನ್ನು.

ಅಂದಿನಿಂದ ಅವನ ಕಣ್ಣು ಅವಳ ಮೇಲೇ. ಸದಸ್ಯರ ವಿವರವೆಲ್ಲ ಒಳಕೋಣೆಯ ದೊಡ್ಡ ಯಂತ್ರದಲ್ಲಿತ್ತು. ಅಲ್ಲಿಂದ ಒಂದು ತಂತಿ ಕೌಂಟರಿನ ಪರದೆಗೆ ಬರುತ್ತಿತ್ತು. ಕಂಪ್ಯೂಟರ್ ಕಂಪನಿಯವರು ಅದನ್ನು ಜೋಡಿಸಿದ ದಿನ, ಅವರು ಹೇಳಿದಂತೆ ಗಾದ್ರಮ್ಮ ಕೀಲಿ ಒತ್ತುತ್ತಿದ್ದರೆ, ಷಣ್ಮುಖಪ್ಪ ಬೆನ್ನ ಹಿಂದೆ ನಿಂತು, ಎಲ್ಲಾದರೂ ತಪ್ಪಲಿ ಎಂದು ಒಂದೊಂದು ಬೆರಳನ್ನೂ ನೋಡಿದ್ದ. ತಪ್ಪಲಿಲ್ಲ. ಜನ ಅವಳನ್ನು ‘ಕಂಪ್ಯೂಟರಮ್ಮಾರು’ ಎಂದು ಕರೆಯತೊಡಗಿದರು. ಅವತ್ತು ಅವನಿಗೆ ಅನ್ನ ಇಳಿಯಲಿಲ್ಲ.

ಒಂದು ಸೋಮವಾರ ಕರೆಂಟು ಹೋಗಿ ಬಂದ ಮೇಲೆ ಪರದೆಯಲ್ಲಿ ಹೆಸರುಗಳ ಬದಲು ಬರೀ ಗೀಚು. ಕೆರೆಬಿಳಚಿಯಿಂದ ಬಂದ ರೈತರು ಗೊಣಗತೊಡಗಿದರು. ಗಾದ್ರಮ್ಮ ತಂತಿ ಬಿಚ್ಚಿ ಮತ್ತೆ ಹಾಕಿದಳು, ಒಳಗೆ ಹೋಗಿ ನೋಡಿ ಬಂದಳು. ದೊಡ್ಡ ಯಂತ್ರ ಸರಿಯಾಗಿಯೇ ನಡೆಯುತ್ತಿತ್ತು.

“ಏನವ್ವಾ, ದಾವಣಗೆರೆಯಾಗೆ ಇದನ್ನ ಕಲಿಸಲಿಲ್ವೇನು?” ಎಂದ ಷಣ್ಮುಖಪ್ಪ, ಎಲ್ಲರಿಗೂ ಕೇಳುವಂತೆ.

ಅವಳ ಕಣ್ಣು ತುಂಬಿತು. ಅವನಿಗೆ ಹಾಲು ಕುಡಿದಷ್ಟು ಸಂತೋಷ.

ಅವಳು ಕಣ್ಣೊರೆಸಿಕೊಂಡು, ಸ್ವಲ್ಪ ಹೊತ್ತು ಯೋಚಿಸಿ, ಗಲಾಟೆ ಕೇಳಿ ಬಂದಿದ್ದ ಮ್ಯಾನೇಜರಿಗೆ ಹೇಳಿದಳು: “ಸಾರ್, ಒಳಗಿನ ಯಂತ್ರ, ಈ ಪರದೆ ಒಂದಕ್ಕೊಂದು ಮಾತಾಡಾಕೆ ಎರಡೂ ಕಡೆ ಒಂದೇ ವೇಗ ಇರ್ಬೇಕು. ಕರೆಂಟು ಹೋದಾಗ ಈ ಪರದೆ ಅದನ್ನ ಮರ್ತೈತೆ. ನಾನೂ ಆ ವೇಗದ ನಂಬರ್ ಮರ್ತೀನ್ರಿ.” ಆಮೇಲೆ ಷಣ್ಮುಖಪ್ಪನ ಕಡೆ ತಿರುಗಿದಳು. “ಅಣ್ಣಾರೇ, ಆವತ್ತು ನೀವು ಹಿಂದೇನೇ ನಿಂತಿದ್ರಿ. ಎಷ್ಟು ಒತ್ತಿದ್ದೆ, ನೆನಪೈತೇನ್ರಿ?”

ನೆನಪಿತ್ತು. ಗೊತ್ತಿಲ್ಲ ಎಂದುಬಿಟ್ಟರೆ ಅವಳು ಸಂಜೆಯವರೆಗೂ ಬೈಸಿಕೊಳ್ಳುತ್ತಾಳೆ. ಹೇಳಿದರೆ, ಅವಳಿಗೆ ಗೊತ್ತಿಲ್ಲದ್ದು ತನಗೆ ಗೊತ್ತು ಎಂಬುದನ್ನು ಎಲ್ಲರೂ ನೋಡುತ್ತಾರೆ. ಆ ಆಸೆಯೇ ಗೆದ್ದಿತು.

“ಒಂಬತ್ತು ಸಾವಿರದ ಆರುನೂರು,” ಎಂದ.

ಅವಳು ಒತ್ತಿದಳು. ಹೆಸರುಗಳು ಸಾಲಾಗಿ ಬಂದವು. “ಭಲೇ ಗಾದ್ರಮ್ಮಾರೇ!” ಎಂದರು ರೈತರು.

“ನಂಬರ್ ಹೇಳಿದ್ದು ಅಣ್ಣಾರು ಕಣ್ರಪ್ಪಾ,” ಎಂದಳು ಅವಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ; ಎಲ್ಲರಿಗೂ ಬಸ್ಸಿನ ಅವಸರ.

ಮರುದಿನ ಜಯದೇವಪ್ಪ, “ಷಣ್ಮುಖಪ್ಪ, ನೀನೂ ಆಕೆ ಹತ್ರ ಕಲ್ಕೊಂಬಿಡಪ್ಪ,” ಎಂದರು. ಬಯಸಿದ್ದೇ ಸಿಕ್ಕಿತ್ತು, ಆದರೆ ಕಲಿಸುವವಳು ಅವಳು. ಒಲ್ಲದ ಮನಸ್ಸಿನಿಂದಲೇ ಒಪ್ಪಿದ. ಬೇಗ ಕಲಿತ ಕೂಡ. ರೈತರು ತನ್ನನ್ನು ದಾಟಿ ಅವಳ ಮುಂದೆ ಹೋಗಿ ನಿಂತಾಗಲೆಲ್ಲ ಹೊಟ್ಟೆ ಮೊದಲಿನಂತೆಯೇ ಉರಿಯುತ್ತಿತ್ತು. ಆದರೂ ಬೆಳಿಗ್ಗೆ ಅವಳಿಗಿಂತ ಮೊದಲೇ ಬಂದು ಪರದೆಯ ಮುಂದೆ ಕೂರುತ್ತಿದ್ದ.