ಎರಡು ತಿರುವಿನಾಚೆ ಕಟ್ಟಿದ ಬೋಟು

ಸಿಡ್ನಿಯ ಪೆಂಡಲ್ ಹಿಲ್‌ನ ಬಾಡಿಗೆ ಮನೆಯಲ್ಲಿ ಮೀನು ಹುರಿಯುವುದೆಂದರೆ ಪ್ರೇಮಾವತಿಗೆ ಕಳ್ಳತನ ಮಾಡಿದ ಹಾಗೆ. ಕಿಟಕಿ ಮುಚ್ಚಬೇಕು, ಬಾಗಿಲ ಸಂದಿಗೆ ಟವೆಲ್ ತುರುಕಬೇಕು, ಊದುಬತ್ತಿ ಹಚ್ಚಬೇಕು. ಕೆಳಗಿನ ಮನೆಯವಳು ಒಮ್ಮೆ ಮೂಗು ಹಿಡಿದುಕೊಂಡೇ ಬಂದು ಬಾಗಿಲು ಬಡಿದಿದ್ದಳು. ಆ ಅವಮಾನ ಎದೆಯಿಂದ ಇಳಿದಿರಲಿಲ್ಲ.

ಮೆಲ್ಬರ್ನ್‌ನ ವೆರಿಬೀಯಲ್ಲಿದ್ದ ತಮ್ಮ ಜಯೇಶ್ ಒಂದು ಸರೋವರದಲ್ಲಿ ಹೌಸ್‌ಬೋಟ್ ಬುಕ್ ಮಾಡಿ, ಎರಡೂ ಮನೆಯವರು ಸೇರಿ ಹೋಗೋಣ ಎಂದಾಗ ಅವಳು ಮೊದಲು ಕಟ್ಟಿಕೊಂಡದ್ದು ಬಂಗುಡೆ ಮೀನು, ಆಮೇಲೆ ಬಟ್ಟೆ.

ಸರೋವರವೋ, ವರ್ಷಗಟ್ಟಲೆ ಮಳೆಯಿಲ್ಲದೆ ಪಾತಾಳಕ್ಕಿಳಿದಿತ್ತು. ಎರಡೂ ಕಡೆ ಬೋಳು ಕೆಂಪು ಮಣ್ಣಿನ ಗೋಡೆ, ನಡುವೆ ಕೊರಕಲಿನಲ್ಲಿ ನೀರು, ನೀರಿನಲ್ಲಿ ಸತ್ತ ಮರಗಳು. ಉಳಿದ ಬೋಟುಗಳೆಲ್ಲ ಒಂದೇ ಕಡೆ ಒತ್ತಾಗಿ ನಿಂತಿದ್ದವು.

“ಇಲ್ಲಿ ಬೇಡ ಮಾರಾಯ,” ಎಂದಳು ಪ್ರೇಮಾವತಿ. “ಬಂಗುಡೆ ಹುರಿದ್ರೆ ಇವರೆಲ್ಲ ಮೂಗು ಮುಚ್ತಾರೆ. ಒಳಗೆ ಹೋಗುವ.”

“ಅಕ್ಕಾ, ಒಳಗೆ ಫೋನ್ ಸಿಗ್ನಲ್ ಸಿಗುದಿಲ್ಲ. ಎಲ್ಲರ ಹತ್ತಿರವೇ ಕಟ್ಟಿ ಅಂತ ಬೋಟು ಬಾಡಿಗೆಗೆ ಕೊಟ್ಟವ ಹೇಳಿದ್ದಾನೆ.”

“ಅವಳು ಹೇಳಿದ ಹಾಗೆ ಮಾಡು ಮಾರಾಯ,” ಎಂದು ನಕ್ಕ ಅವಳ ಗಂಡ ಕೊರಗಪ್ಪ. “ಸಿಗ್ನಲ್ ಹುರಿದು ತಿನ್ಲಿಕ್ಕೆ ಆಗ್ತದಾ?”

ಎರಡು ತಿರುವು ದಾಟಿ ಬೋಟು ಕಟ್ಟಿದರು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಪ್ರೇಮಾವತಿ ಕಿಟಕಿಗಳನ್ನೆಲ್ಲ ತೆರೆದಿಟ್ಟು, ಹಾಡು ಗುನುಗುತ್ತ ಮೀನು ಹುರಿದಳು. ಕೊರಗಪ್ಪ ಎರಡನೆಯ ತುಂಡಿಗೆ ಕೈಹಾಕಿದವನು ಎದೆ ಹಿಡಿದುಕೊಂಡ. ಗ್ಯಾಸ್ ಇರಬೇಕು ಎಂದ. ಮರುಕ್ಷಣ ಕುರ್ಚಿ ಸಮೇತ ಉರುಳಿದ.

ಯಾರ ಫೋನಿಗೂ ಜೀವವಿರಲಿಲ್ಲ. ಜಯೇಶ್ ಬೋಟಿನ ಹಿಂದೆ ಕಟ್ಟಿದ್ದ ಚಿಕ್ಕ ದೋಣಿ ಬಿಚ್ಚಿಕೊಂಡು ತಿರುವಿನಾಚೆಯ ಆ ಬೋಟುಗಳತ್ತ ಓಡಿಸಿದ. ಅವನ ಹೆಂಡತಿ ಜ್ಯೋತ್ಸ್ನಾ ಗಾಳಿ ಬೀಸಿದಳು. ಪ್ರೇಮಾವತಿ ಗಂಡನ ಎದೆ ತಿಕ್ಕಿದಳು, ಬೈದಳು, ಕಂಡಕಂಡ ದೇವರಿಗೆಲ್ಲ ಹರಕೆ ಹೊತ್ತಳು. ಅವಳು ಕೂಗಿದ್ದನ್ನು ಕೆಂಪು ಗೋಡೆಗಳು ಅವಳಿಗೇ ಹಿಂತಿರುಗಿಸಿದವು.

ಅಂತೂ ದೋಣಿ ಬಂತು. ಜಯೇಶನ ಜೊತೆ ಒಬ್ಬ ಬಿಳಿಯ ಹೆಂಗಸು; ಆಸ್ಪತ್ರೆಯಲ್ಲಿ ನರ್ಸ್ ಅಂತೆ. ಆಕೆ ಮಂಡಿಯೂರಿ, ಬೆವರಿಳಿಯುವವರೆಗೂ ಕೊರಗಪ್ಪನ ಎದೆ ಒತ್ತಿದಳು. ಕೊನೆಗೆ ಕೈ ತೆಗೆದು, ಇಲ್ಲವೆಂದು ತಲೆಯಾಡಿಸಿದಳು. ಇನ್ನೂ ಸ್ವಲ್ಪ ಮೊದಲೇ ಕರೆದಿದ್ದರೆ ಎಂದು ಇಂಗ್ಲಿಷಿನಲ್ಲಿ ಅಂದು, ಅರ್ಧಕ್ಕೇ ನಿಲ್ಲಿಸಿದಳು.

ಪ್ರೇಮಾವತಿ ಅಳಲಿಲ್ಲ. ದಡಬಡನೆ ಎದ್ದು ಮೀನಿನ ಕಾವಲಿಗೆ ತಟ್ಟೆ ಮುಚ್ಚಿದಳು.

“ಸಾರಿ,” ಎಂದಳು ಆ ಹೆಂಗಸಿಗೆ. “ಸಾರಿ ಫಾರ್ ದ ಸ್ಮೆಲ್.”

ಆಕೆ ತಬ್ಬಿಬ್ಬಾಗಿ ನೋಡಿದಳು. ಹತ್ತಿರ ಬಂದು ಪ್ರೇಮಾವತಿಯ ಮುಖವನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ತನ್ನ ಬೋಟಿನಲ್ಲಿ ಊಟದ ನಡುವೆಯೇ ಎದ್ದು ಬಂದಿದ್ದಳೇನೋ, ಆ ಕೈಗಳು ಹುರಿದ ಮೀನಿನ ವಾಸನೆ ಹೊಡೆಯುತ್ತಿದ್ದವು.

ಆಗ ಪ್ರೇಮಾವತಿ ಬಾಯಿಬಿಟ್ಟು ಅತ್ತಳು.