ಹೆಗಲ ಮೇಲಿನ ಬಟ್ಟೆ

ಬಟ್ಟಲಲ್ಲಿ ಕಲಸಿದ ಕಪ್ಪು ಬಣ್ಣವನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅವಳ ಬೈತಲೆಯ ಉದ್ದಕ್ಕೂ ಹಚ್ಚುತ್ತಿದ್ದೆ. ಅವಳು ಎಂದರೆ ನನ್ನ ನಾದಿನಿ. ತೀರಿಕೊಂಡ ನನ್ನ ಗಂಡ ತಂಗಿಯನ್ನು ಚಿಕ್ಕಂದಿನಿಂದ ಬೊಂಬೆ ಎಂದು ಕರೆಯುತ್ತಿದ್ದರು. ಆ ಹೆಸರೇ ಮನೆಯಲ್ಲೂ ನಾವು ದುಡಿಯುತ್ತಿದ್ದ ಅಂಗಡಿಯಲ್ಲೂ ನಿಂತುಬಿಟ್ಟಿತು. ಹಿತ್ತಲ ಬಾಗಿಲ ಬೆಳಕಿಗೆ ಸ್ಟೂಲು ಹಾಕಿಕೊಂಡು, ಹರಕು ಟವೆಲ್ಲು ಹೊದ್ದು ಕೂತಿದ್ದಳು.

"ಕಿವಿಗೆ ತಾಗಿಸಬೇಡಿ ಅತ್ತಿಗೆ. ಹೋದ ಸಲ ಕಿವಿ ಕಪ್ಪಾಗಿ, ಚಿಕ್ಕ ಯಜಮಾನ್ರು ಎಲ್ಲಾದ್ರೂ ಬಿದ್ರಾ ಅಂತ ಕೇಳಿದ್ರು."

"ತಲೆ ಅಲ್ಲಾಡಿಸದೆ ಕೂತ್ಕೋ. ಮಗಳ ಕಾಗದಕ್ಕೆ ಉತ್ತರ ಬರೆದೆಯಾ?"

"ಬಣ್ಣ ಹಚ್ಚುವಾಗ ಆ ಮಾತು ಬೇಡ. ಉರಿಯುತ್ತೆ."

"ಯಾವುದು ಉರಿಯೋದು, ಬಣ್ಣವಾ, ಮಾತಾ?"

"ಎರಡೂ."

ಕಾಗದ ಬಂದು ಬಹಳ ದಿನವಾಗಿತ್ತು. ತಾಯಿ ಮಗಳು ಫೋನಿನಲ್ಲಿ ಮಾತಾಡುತ್ತಿದ್ದರು, ಇಲ್ಲವೆಂದಲ್ಲ. ಆದರೆ ಆ ಮಾತು ಊಟ ಆಯ್ತಾ, ಕೆಲಸಕ್ಕೆ ಹೊರಟೆಯಾ ಎಂಬುದರ ಆಚೆ ದಾಟುತ್ತಿರಲಿಲ್ಲ. ದಾಟಬೇಕಾದದ್ದನ್ನು ಹುಡುಗಿ ಕಾಗದದಲ್ಲಿ ಬರೆದಿದ್ದಳು. ತಡವಾಗಿ ಅಕ್ಷರ ಕಲಿತವಳು ನಾನು. ಅವಸರದಲ್ಲಿ ಓದಲಾರೆ, ಹಾಗಾಗಿ ಓದಿದ್ದು ಮರೆಯುವುದೂ ಇಲ್ಲ. "ಅಮ್ಮ, ಡಾಕ್ಟರು ನನಗೆ ಹೆರಿಗೆಯವರೆಗೆ ಮಲಗಿಯೇ ಇರಬೇಕು ಎಂದಿದ್ದಾರೆ. ನೀನು ಬಂದರೆ ಧೈರ್ಯ. ಆದರೆ ಇಲ್ಲಿ ಯಾರೂ ನಿನ್ನನ್ನು ನನ್ನ ಅಕ್ಕ ಅನ್ನುವ ಹಾಗಾಗಬಾರದು. ಬರುವುದಾದರೆ ಅಮ್ಮನಾಗಿ ಬಾ. ಆಗದಿದ್ದರೆ ಈ ತಿಂಗಳ ಕೊನೆಯೊಳಗೆ ಬರೆದು ತಿಳಿಸು, ಬೇರೆ ಯಾರನ್ನಾದರೂ ನೋಡಿಕೊಳ್ಳುತ್ತೇನೆ."

ಅದನ್ನು ಓದಿದ ದಿನ ಬೊಂಬೆ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆದಳು. "ಏನು ಮಾಡಲಿ ಅತ್ತಿಗೆ, ಮುಖ ಕಳಚಿ ಮನೆಯಲ್ಲಿಟ್ಟು ಹೋಗಲಾ?" ಎಂದು ಕೇಳಿದಳು. ಆಮೇಲೆ ಉತ್ತರ ಬರೆಯಲು ಕೂತಳು. "ಅಂಗಡಿಯಲ್ಲಿ ಈಗ ಬಿಡುವಿಲ್ಲ" ಎಂದು ಬರೆದು ಹರಿದಳು. "ನೀನು ಹೀಗೆ ಬರೆಯಬಹುದಾ" ಎಂದು ಬರೆದು ಹರಿದಳು. ನುಂಗಲೂ ಆಗದು, ಉಗುಳಲೂ ಆಗದು.

ಬೊಂಬೆ ಐವತ್ತು ದಾಟಿ ಬಹಳ ವರ್ಷವಾಗಿದೆ. ನೋಡಿದವರು ನಲವತ್ತು ಎನ್ನಲೂ ಹಿಂಜರಿಯುತ್ತಿದ್ದರು. ಇದು ಸುಮ್ಮನೆ ಬಂದ ಭಾಗ್ಯವಲ್ಲ, ನಾನು ಕಣ್ಣಾರೆ ಕಂಡಿದ್ದೇನೆ. ಕೆನ್ನೆಗೆ ದಿಂಬಿನ ಗೆರೆ ಬೀಳಬಾರದೆಂದು ಅಂಗಾತವೇ ಮಲಗುತ್ತಿದ್ದಳು. ಸಿಹಿ ಬಿಟ್ಟಿದ್ದಳು, ಬಿಸಿಲು ಬಿಟ್ಟಿದ್ದಳು. ನಗುವುದನ್ನೂ ಅಳತೆ ಮಾಡಿ ನಗುತ್ತಿದ್ದಳು: ತುಟಿ ನಗಬೇಕು, ಕಣ್ಣಿನ ಅಂಚು ನಗಬಾರದು.

ನಾವಿಬ್ಬರೂ ಒಂದೇ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದೆವು. ಅವಳು ಮುಂದಿನ ಕೌಂಟರಿನಲ್ಲಿ, ದೊಡ್ಡ ಕನ್ನಡಿ, ದೊಡ್ಡ ದೀಪದ ಕೆಳಗೆ. ನಾನು ಹಿಂದೆ, ಮೆಟ್ಟಿಲ ಕೆಳಗಿನ ವಾಪಸಿನ ಮೇಜಿನಲ್ಲಿ. ಗಿರಾಕಿ ಬಂದರೆ ಬೊಂಬೆ ಥಾನಿನಿಂದ ಬಟ್ಟೆ ಸರ್ರನೆ ಎಳೆದು ತನ್ನ ಹೆಗಲ ಮೇಲೆ ಹಾಕಿಕೊಂಡು, ದೀಪದ ಕಡೆ ಒಂಚೂರು ತಿರುಗಿ ನಿಲ್ಲುತ್ತಿದ್ದಳು. ಅಷ್ಟೇ. ಬೇರೆ ಮಾತು ಬೇಡ. ಅವಳ ಹೆಗಲ ಮೇಲೆ ಗೋಣಿಯೂ ರೇಷ್ಮೆಯೇ. ಬಂದವರು ಕತ್ತರಿಸಿ ಕೊಡಿ ಎನ್ನುತ್ತಿದ್ದರು. ಮನೆಗೆ ಹೋಗಿ ತಮ್ಮ ಕನ್ನಡಿಯಲ್ಲಿ, ತಮ್ಮ ಹೆಗಲ ಮೇಲೆ ಹಾಕಿ ನೋಡಿಕೊಂಡು, ಮಾರನೆಯ ದಿನ ಪಕ್ಕದ ಬಾಗಿಲಿನಿಂದ ನನ್ನ ಹತ್ತಿರ ಬರುತ್ತಿದ್ದರು. ಹೊಲಿಸದೆ ಇದ್ದರೆ ಬದಲಿಸಿ ಕೊಡುವುದು ನನ್ನ ಕೆಲಸ. ವಾಪಸು ಬರುವವರಿಗೆ ಮುಂದಿನ ಬಾಗಿಲಿಲ್ಲ. ಕೊಳ್ಳಲು ಬಂದವರ ಕಣ್ಣಿಗೆ ಬೀಳಬಾರದೆಂದು ಹಳೆಯ ಯಜಮಾನರ ಕಾಲದಿಂದ ಬಂದ ಕ್ರಮ. ಹಾಗಾಗಿ ತಾನು ಮಾರಿದ್ದರಲ್ಲಿ ಎಷ್ಟು ತಿರುಗಿ ಬರುತ್ತದೆ ಎಂಬುದು ಬೊಂಬೆಗೆ ಗೊತ್ತೇ ಇರಲಿಲ್ಲ. ನಾನು ಹೇಳಲಿಲ್ಲ. ಅವಳ ಗಂಡ ಹೋದ ಮೇಲೆ ಆ ಮುಖವೇ ಅವಳಿಗೆ ಕೆಲಸ ಕೊಡಿಸಿತ್ತು, ಮಗಳನ್ನು ಓದಿಸಿತ್ತು, ನನ್ನ ಗಂಡನ ಔಷಧಿಯನ್ನೂ ತಂದಿತ್ತು. ಉಂಡ ಮನೆಯ ಜಂತೆ ಎಣಿಸಲಾರೆ.

ಮುಖದ ಮಹಿಮೆ ಎಂಥದು ಎಂದು ತಿಳಿಯಲು ನಮ್ಮಿಬ್ಬರನ್ನು ಅಕ್ಕಪಕ್ಕ ನಿಲ್ಲಿಸಿದರೆ ಸಾಕಿತ್ತು. "ಸ್ವಲ್ಪ ತಡೀರಿ" ಎಂದು ಅವಳು ಹೇಳಿದರೆ, ಪಾಪ ಎಷ್ಟು ಕೆಲಸ ಎನ್ನುತ್ತಿದ್ದರು. ಅದೇ ಮಾತು ನಾನು ಹೇಳಿದರೆ, ಈ ಮುದುಕಿಗೆ ಎಷ್ಟು ಸೊಕ್ಕು ಎನ್ನುತ್ತಿದ್ದರು. ಅವಳು ಲೆಕ್ಕ ತಪ್ಪಿದರೆ ಸುಸ್ತು, ನಾನು ತಪ್ಪಿದರೆ ಮೋಸ.

ಮಗಳ ಮದುವೆಯ ಬಟ್ಟೆಯನ್ನೂ ನಮ್ಮ ಅಂಗಡಿಯಲ್ಲೇ ತೆಗೆದೆವು. ಹುಡುಗಿ ಅಪ್ಪನ ಕಡೆಯವಳು: ಸಣಕಲು, ಉದ್ದ ಮುಖ, ಬಿಳುಚಿದ ಬಣ್ಣ. ಬೊಂಬೆ ಎಲ್ಲಕ್ಕಿಂತ ಒಳ್ಳೆಯ ಥಾನು ಇಳಿಸಿದಳು, ಹಳದಿ, ಸಾಸಿವೆ ಹೂವಿನ ಹಳದಿ. ಎಳೆದದ್ದೇ ತನ್ನ ಹೆಗಲ ಮೇಲೆ ಹಾಕಿಕೊಂಡು ದೀಪದ ಕಡೆ ತಿರುಗಿದಳು. ಅಂಗಡಿಯೇ ಕೆಲಸ ಬಿಟ್ಟು ನೋಡಿತು. ಹುಡುಗಿಯೂ ನೋಡಿದಳು, "ಇದೇ ಇರಲಿ ಅಮ್ಮ" ಎಂದಳು. ಮದುವೆಯ ದಿನ ಅದನ್ನುಟ್ಟು ಹೊರಗೆ ಬಂದರೆ ಜ್ವರದಿಂದ ಎದ್ದು ಬಂದವಳ ಹಾಗೆ ಕಾಣುತ್ತಿದ್ದಳು. ಪಕ್ಕದಲ್ಲಿ ಬೊಂಬೆ ಬೂದು ಬಣ್ಣದ ಸಾದಾ ಉಡುಪಿನಲ್ಲಿ ದೀಪದ ಹಾಗೆ. ಫೋಟೋದವನು "ಅಕ್ಕನವರು ಸ್ವಲ್ಪ ಮುಂದೆ ಬನ್ನಿ" ಎಂದ. ಬೊಂಬೆ ತುಟಿಯಲ್ಲೇ ನಕ್ಕು ಮುಂದೆ ಹೋಗಿ ನಿಂತಳು. ಹುಡುಗಿ ಆ ಮದುವೆಯ ಒಂದು ಫೋಟೋವನ್ನೂ ತನ್ನ ಮನೆಗೆ ಒಯ್ಯಲಿಲ್ಲ.

ಸರಿ, ಆ ಸಲದ ಬಣ್ಣಕ್ಕೆ ಬರುತ್ತೇನೆ. ಉರಿಯುತ್ತೆ ಎಂದು ಅವಳು ಹೇಳಿದ್ದು ತಮಾಷೆಯಾಗಿರಲಿಲ್ಲ. ಬೆಳಿಗ್ಗೆ ಏಳುವ ಹೊತ್ತಿಗೆ ಹಣೆ ಊದಿ, ರೆಪ್ಪೆ ಊದಿ, ಕಣ್ಣು ಎರಡು ಗೆರೆಗಳಾಗಿದ್ದವು. ಡಾಕ್ಟರಮ್ಮ ನೋಡಿ, ಬಟ್ಟಲಿನ ಕಪ್ಪನ್ನು ಇನ್ನು ಮುಟ್ಟಕೂಡದು ಎಂದರು. "ಇಷ್ಟು ವರ್ಷ ಒಪ್ಪಿದ್ದು ಈಗ ಯಾಕೆ ಒಪ್ಪಲ್ಲ ಡಾಕ್ಟ್ರೇ?" ಎಂದು ಬೊಂಬೆ ಕೇಳಿದಳು. "ಮೈ ಎಷ್ಟು ದಿನ ಅಂತ ಸಹಿಸುತ್ತಮ್ಮ, ಒಂದು ದಿನ ಸಾಕು ಅನ್ನುತ್ತೆ," ಎಂದರು ಅವರು.

ಊತ ಇಳಿಯಿತು, ಸಿಪ್ಪೆ ಏಳುವುದು ನಿಲ್ಲಲಿಲ್ಲ. ಬೈತಲೆಯಲ್ಲಿ ಬಿಳಿ ಗೆರೆ ಮೂಡಿ ದಿನದಿನಕ್ಕೆ ಅಗಲವಾಯಿತು. ಹಾಗೇ ಅಂಗಡಿಗೆ ಬಂದಳು. ದಿನಾ ಸಲಾಮು ಹೊಡೆಯುವ ಬಾಗಿಲ ಕಾವಲಿನವನು ಕೈ ಅಡ್ಡ ಹಿಡಿದು, "ಅಜ್ಜಿ, ವಾಪಸು ಕೊಡೋದಾದ್ರೆ ಪಕ್ಕದ ಬಾಗಿಲು" ಎಂದ. ಹಿಂದಿದ್ದ ನನ್ನನ್ನು ನೋಡಿದ ಮೇಲೆ ಗುರುತು ಹಿಡಿದು ನಾಲಿಗೆ ಕಚ್ಚಿಕೊಂಡ. ಬೊಂಬೆ ಅವನನ್ನು ದಾಟಿ ಒಳಗೆ ನಡೆದಳು.

ಚಿಕ್ಕ ಯಜಮಾನರು ಕೆಟ್ಟವರಲ್ಲ. ಎದುರಿಗೆ ನಿಂತು, ಅವಳ ಮುಖ ಬಿಟ್ಟು ಗೋಡೆ ನೋಡುತ್ತಾ ಹೇಳಿದರು: "ವಾಸಿಯಾಗೋ ತನಕ ಹಿಂದೆ ಅತ್ತಿಗೆ ಜೊತೆ ಕೂತ್ಕೊಳ್ಳಿ. ಮುಂದಿನ ಕೌಂಟರಿಗೆ ಸದ್ಯಕ್ಕೆ ನಿಮ್ಮ ಕೈಕೆಳಗಿದ್ದ ಹುಡುಗೀನ ನಿಲ್ಲಿಸಿದ್ದೀನಿ. ತಲೆಗೆ ಹಚ್ಚೋಕೆ ಬೇರೆ ಏನಾದ್ರೂ ಸಿಗುತ್ತೆ, ವಿಚಾರಿಸಿ. ತಿಂಗಳ ಕೊನೆವರೆಗೂ ನಿಮ್ಮ ಜಾಗ ನಿಮ್ಮದೇ."

ಹೀಗೆ ಬೊಂಬೆ ಮೊದಲ ಬಾರಿಗೆ ಮೆಟ್ಟಿಲ ಕೆಳಗೆ ಬಂದು ಕೂತಳು. ಮೊದಲು ಬಂದವಳು ಬಸ್ಸಿನ ಕಂಡಕ್ಟರಮ್ಮ, ಕೆಲಸದ ಉಡುಪಿನಲ್ಲೇ. ನೀಲಿ ಬಟ್ಟೆಯನ್ನು ಮೇಜಿನ ಮೇಲೆ ಹರಡಿದಳು.

"ಮುಂದೆ ಒಬ್ರು ನಿಂತಿರ್ತಾರಲ್ಲ, ಬೊಂಬೆ ಥರ. ಅವರ ಮೇಲೆ ಇದು ಆಕಾಶ. ನನ್ನ ಮೇಲೆ ಕಿಟಕಿ ಪರದೆ. ನನ್ನ ಗಂಡ ಬಂದು ಸರಿಸಿ ಹೊರಗೆ ನೋಡೋದೊಂದು ಬಾಕಿ."

ನಾನು ಬೊಂಬೆಯ ಕಡೆ ನೋಡಲಿಲ್ಲ. ಅವಳೇ ಕೇಳಿದಳು: "ಮತ್ತೆ ಯಾಕೆ ತಗೊಂಡ್ರಿ?"

"ಅವರು ಹಾಕ್ಕೊಂಡು ನಿಂತಾಗ ನಾನೇ ನಿಂತ ಹಾಗಾಯ್ತು ಕಣಮ್ಮ. ಮನೆಗೆ ಹೋದ್ಮೇಲೆ ನಾನು ನಾನೇ."

ಸಂಜೆಯವರೆಗೆ ಬರುತ್ತಲೇ ಇದ್ದರು. ಕೆಲವರು ನಗುತ್ತಾ, ಕೆಲವರು ಸಿಡಿಮಿಡಿಯಾಗಿ. ಬಹಳ ಜನ ನಾಚಿಕೊಂಡು ಬಂದರು, ಬಟ್ಟೆ ಚೆನ್ನಾಗಿದೆ, ನಮ್ಮ ಮೈಯೇ ಸರಿ ಇಲ್ಲ ಎಂದು ತಮ್ಮನ್ನೇ ಬೈದುಕೊಂಡು. ಯಾರೂ ಅವಳ ಗುರುತು ಹಿಡಿಯಲಿಲ್ಲ. "ದಿನಾ ಹೀಗೇನಾ?" ಎಂದು ಕೇಳಿದಳು. "ದಿನಾ ಹೀಗೇ," ಎಂದೆ. ಆಮೇಲೆ ಬಟ್ಟೆ ಮಡಚುತ್ತಾ ಹೋದಳು.

ವಾರ ಕಳೆಯುವ ಹೊತ್ತಿಗೆ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಳು. ಮುಂದೆ ನಿಂತ ಹೊಸ ಹುಡುಗಿಯೂ ಬೊಂಬೆಯಿಂದಲೇ ಕಲಿತವಳಲ್ಲವೇ, ತನ್ನ ಹೆಗಲ ಮೇಲೆ ಹಾಕಿ ತೋರಿಸಿಯೇ ಮಾರಿದ್ದಳು. ತಾಯಿ ದನಿ ತಗ್ಗಿಸದೆ ಹೇಳಿದಳು: "ಬಟ್ಟೇದೇನೂ ತಪ್ಪಿಲ್ಲ. ಇವಳ ಮುಖಕ್ಕೆ ಯಾವುದೂ ಒಪ್ಪಲ್ಲ. ಏನಾದ್ರೂ ಒಂದು ಕೊಟ್ಟುಬಿಡಿ."

ಹುಡುಗಿ ನೆಲ ನೋಡುತ್ತಿದ್ದಳು. ಬೊಂಬೆ ಎದ್ದಳು. ಕಪಾಟಿನಿಂದ ಇಟ್ಟಿಗೆ ಬಣ್ಣದ ಥಾನು ತೆಗೆದು ಸರ್ರನೆ ಎಳೆದಳು. ಕೈ ತಾನಾಗಿ ತನ್ನ ಹೆಗಲಿಗೇ ಹೋಯಿತು. ಬಟ್ಟೆ ಅರ್ಧ ಬಿದ್ದಾಗಿತ್ತು. ಹಾಗೇ ನಿಂತುಬಿಟ್ಟಳು, ಎತ್ತಿದ ಕೈ ಎತ್ತಿದ್ದೇ. ನಾನು ಎಲ್ಲಿ ತಲೆ ಸುತ್ತು ಬಂತೋ ಎಂದುಕೊಂಡೆ. ಆಮೇಲೆ ನಿಧಾನವಾಗಿ ಬಟ್ಟೆಯನ್ನು ತೆಗೆದು, ಮೇಜು ಸುತ್ತಿ ಬಂದು, ಹುಡುಗಿಯ ಹೆಗಲ ಮೇಲೆ ಹಾಕಿದಳು. ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿದಳು. ಒಪ್ಪಲಿಲ್ಲ. ಅದನ್ನು ತೆಗೆದು ಹಸಿರು ಹಾಕಿದಳು, ಹಸಿರೂ ಅಲ್ಲ. ಮೇಜಿನ ತುಂಬ ಬಟ್ಟೆ ಬಿತ್ತು. ಕೊನೆಗೆ ನೇರಳೆ ಬಣ್ಣದ್ದೊಂದು ಹಾಕಿ ಹಿಂದೆ ಸರಿದು ನೋಡಿದಾಗ, ತಾಯಿಯೂ ಮಾತು ನಿಲ್ಲಿಸಿದ್ದಳು.

"ಕನ್ನಡಿ ಕೊಡಿ ಅತ್ತಿಗೆ," ಎಂದಳು ಬೊಂಬೆ. ವಾಪಸಿನ ಮೇಜಿನಲ್ಲಿ ಕನ್ನಡಿ ಇರಲಿಲ್ಲ. ಮುಂದಿನ ಕೌಂಟರಿನಿಂದ ಕೈಗನ್ನಡಿ ತರಿಸಿದೆ.

ಅವರು ಹೋದ ಮೇಲೆ ಬಟ್ಟೆ ಸುತ್ತುತ್ತಾ ಕೇಳಿದಳು: "ಅತ್ತಿಗೆ, ನನ್ನ ಮಗಳ ಹಳದೀನೂ ಹೀಗೇ ಆಗಿತ್ತಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಆಗಿತ್ತು," ಎಂದೆ.

"ನಿಮಗೆ ಅಂಗಡೀಲೇ ಗೊತ್ತಾಗಿತ್ತು."

"ಗೊತ್ತಾಗಿತ್ತು. ಹೇಳಿದ್ರೆ ಕೇಳ್ತಿದ್ದೆಯಾ?"

"ಇಲ್ಲ."

"ನೀನು ಬೇಕೂಂತ ಮಾಡಿದ್ದಲ್ಲ ಬೊಂಬೆ. ಕೈಗೆ ಹತ್ತಿದ ಅಭ್ಯಾಸ."

"ಬಟ್ಟೆ ಹಾಕ್ಕೊಂಡಿದ್ದು ಅಭ್ಯಾಸ. ಫೋಟೋದವನು ಅಕ್ಕ ಅಂದಾಗ ನಾನು ಮುಂದೆ ಹೋಗಿ ನಿಂತೆನಲ್ಲ, ಅದು?"

ನಾನು ಒಂದು ಥಾನು ಎತ್ತಿ ಕಪಾಟಿಗಿಟ್ಟೆ. ಅವಳೇ ಹೇಳಿದಳು: "ಯಾರಾದ್ರೂ ಅಕ್ಕ ಅಂದ್ರೆ, ಇನ್ನೊಂದು ವರ್ಷ ಕೆಲಸಕ್ಕೆ ಭಯವಿಲ್ಲ ಅನ್ನಿಸ್ತಿತ್ತು ಅತ್ತಿಗೆ. ಹೊಗಳಿಕೆ ಅಂತಲ್ಲ. ಸರಿ, ಹೊಗಳಿಕೆ ಅಂತಾನೂ ಹೌದು. ಆದ್ರೆ ಮೊದಲು ಅದು."

ನಾನು ಅವಳ ಕೈ ಹಿಡಿದುಕೊಂಡೆ. ಸಿಪ್ಪೆ ಎದ್ದ ಹಣೆ, ಬಿಳಿ ಗೆರೆಯ ತಲೆ. ಆಗಲೂ ಸುಂದರಿಯೇ ಆಗಿದ್ದಳು, ಆದರೆ ನೋಡಿದವರಿಗೆ ಸುಸ್ತೂ ಕಾಣುತ್ತಿತ್ತು. ಇಷ್ಟು ವರ್ಷ ಅವಳಿಗೂ ಸುಸ್ತಾಗುತ್ತದೆ ಎಂದು ನನಗೇ ಹೊಳೆದಿರಲಿಲ್ಲ. ಮುಖ ನೋಡಿ ಮೋಸಹೋದವರಲ್ಲಿ ನಾನೂ ಒಬ್ಬಳು.

ಮಾರನೆಯ ದಿನ ರಜೆ. ಊಟವಾದ ಮೇಲೆ ಬೊಂಬೆ ಮೇಜಿಗೆ ಕೂತಳು. ಈ ಸಲ ಹರಿಯಲಿಲ್ಲ. ಬರೆದು ಮುಗಿಸಿ, "ಓದ್ತೀನಿ, ಕೇಳಿ. ತಿದ್ದಬೇಡಿ," ಎಂದಳು.

"ಮಗಳೇ, ಬರುತ್ತೇನೆ. ನಿನ್ನ ಮದುವೆಯ ಬಟ್ಟೆಯನ್ನು ನಿನ್ನ ಹೆಗಲ ಮೇಲೆ ಹಾಕಿ ನೋಡಬೇಕಾಗಿತ್ತು, ನನ್ನ ಹೆಗಲ ಮೇಲೆ ಹಾಕಿಕೊಂಡೆ. ನಿನಗೆ ಒಪ್ಪದ್ದು ಬಟ್ಟೆಯ ತಪ್ಪಲ್ಲ, ನಿನ್ನದಂತೂ ಅಲ್ಲ. ನನ್ನ ಕೂದಲು ಬಿಳಿಯಾಗುತ್ತಿದೆ. ಅದು ನಿನ್ನ ಮಾತಿಗಾಗಿ ಎಂದುಕೊಳ್ಳಬೇಡ, ಬಣ್ಣ ಮೈಗೆ ಒಗ್ಗದೆ ಬಿಟ್ಟದ್ದು. ಡಾಕ್ಟರು ಹೇಳದಿದ್ದರೆ ಬಿಡುತ್ತಿದ್ದೆನೋ ಇಲ್ಲವೋ, ನನಗೇ ಗೊತ್ತಿಲ್ಲ. ಬಿಳಿ ಕೂದಲಿದ್ದರೂ ಅಲ್ಲಿ ಯಾರಾದರೂ ಅಕ್ಕ ಎನ್ನಬಹುದು. ಹಾಗಂದರೆ, 'ಅಲ್ಲ, ನಾನು ಇವಳ ಅಮ್ಮ' ಎಂದು ನಾನೇ ಹೇಳುತ್ತೇನೆ. ಆ ದಿನ ಹೇಳದೆ ನಕ್ಕೆ. ಅದನ್ನು ನೀನು ಮರೆತಿಲ್ಲ ಎಂದು ನನಗೆ ಗೊತ್ತು."

"ಅಂಗಡಿ?" ಎಂದೆ.

"ತಿಂಗಳ ಕೊನೆಗೆ ನಾನಿಲ್ಲಿ ಇರಲ್ಲ, ಆ ಜಾಗ ಹೋಗುತ್ತೆ. ತಿರುಗಿ ಬಂದಾಗ ನಿಮ್ಮ ಮೇಜಿನ ಪಕ್ಕ ಒಂದು ಸ್ಟೂಲು ಸಿಕ್ಕಿದ್ರೆ ನೋಡೋಣ. ಚಿಕ್ಕ ಯಜಮಾನ್ರು ಬೇಡ ಅಂದ್ರೆ ಬೇರೆ ಕಡೆ ಕೇಳ್ತೀನಿ. ಮುಖ ಇಲ್ದೆ ಕೆಲಸ ಹುಡುಕೋದು ಹೇಗೆ ಅಂತ ನೀವು ಹೇಳಿಕೊಡಿ."

"ಅದರಲ್ಲಿ ನಾನು ಪಂಡಿತೆ," ಎಂದೆ. ಅವಳು ನಕ್ಕಳು, ಕಣ್ಣಿನ ಅಂಚೂ ಸುಕ್ಕಾಗುವಷ್ಟು.

ಬೆಳಿಗ್ಗೆ ಅಂಗಡಿಗೆ ಹೋಗುವ ದಾರಿಯಲ್ಲಿ ಅಂಚೆ ಕಚೇರಿಗೆ ಹೋದೆವು. ಆಗ ತಾನೇ ಬಾಗಿಲು ತೆಗೆದಿದ್ದರು, ಒಳಗೆ ಅಂಟಿನ ವಾಸನೆ. ಸಾಲಿನಲ್ಲಿ ಬೊಂಬೆಯನ್ನು ಮೊದಲಿನ ಹಾಗೆ ಯಾರೂ ಮುಂದೆ ಬಿಡಲಿಲ್ಲ, ನಾವೂ ಕೇಳಲಿಲ್ಲ. ಸರದಿ ಬಂದಾಗ ಗುಮಾಸ್ತ ಕೈ ಚಾಚಿದ. ಬೊಂಬೆ ಲಕೋಟೆಯ ಒಂದು ತುದಿ ಹಿಡಿದೇ ಇದ್ದಳು.

"ಬಿಟ್ರೆ ತಾನೇ ಹೋಗೋದು," ಎಂದ ಅವನು.

ಬಿಟ್ಟಳು. ಅವನು ತೂಗಿ, ಚೀಟಿ ಅಂಟಿಸಿ, ಮುದ್ರೆ ಒತ್ತಿ, ಹಿಂದೆ ಬಾಯಿ ತೆರೆದಿದ್ದ ಚೀಲಕ್ಕೆ ತಿರುಗಿ ನೋಡದೆ ಎಸೆದ.