ಎರಡು ಮುಖಪುಟ, ಒಂದು ಅಪಘಾತ

ತಿಪಟೂರಿನ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ಕಲಿಸುತ್ತಿದ್ದ ಅತಿಥಿ ಉಪನ್ಯಾಸಕಿ ಸುನಂದಾ ಅವತ್ತು ಕಿಬ್ಬನಹಳ್ಳಿ ಕ್ರಾಸಿನ ಅಂಗಡಿಯಲ್ಲಿ ಕೈಗೆ ಸಿಕ್ಕ ಎರಡು ಪತ್ರಿಕೆ ಕೊಂಡು ಬಸ್ಸಿಗೆ ಓಡಿದ್ದಳು. ನಿಲ್ಲಲೂ ಜಾಗವಿಲ್ಲದ ಬಸ್ಸಿನಲ್ಲಿ ಓದುವುದೆಲ್ಲಿ ಬಂತು? ತರಗತಿಗೆ ಬಂದವಳೇ ಎರಡರ ಮುಖಪುಟವನ್ನೂ ಹಲಗೆಗೆ ಅಂಟಿಸಿದಳು.

'ಒಂದೇ ಸುದ್ದಿ, ಎರಡು ತಲೆಬರಹ. ಏನು ವ್ಯತ್ಯಾಸ ಹೇಳಿ ನೋಡೋಣ.'

ಒಂದರಲ್ಲಿ 'ಹಸು ತಪ್ಪಿಸಲು ಹೋಗಿ ಟೆಂಪೊ ಪಲ್ಟಿ: ಒಂಬತ್ತು ಮಂದಿಗೆ ಗಾಯ' ಎಂದಿತ್ತು. ಇನ್ನೊಂದರಲ್ಲಿ ದಪ್ಪ ಅಕ್ಷರಗಳಲ್ಲಿ, 'ಕುಡಿದ ಚಾಲಕ: ಕೂಲಿ ಮಹಿಳೆಯರ ಜೀವದ ಜತೆ ಚೆಲ್ಲಾಟ'.

ದಿನವೂ ಗಲಗಲ ಎನ್ನುತ್ತಿದ್ದ ತರಗತಿಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಮುಂದಿನ ಬೆಂಚಿನ ಪವಿತ್ರಾ ಎದ್ದು ಬಂದು ಕಿವಿಯಲ್ಲಿ ಉಸುರಿದಳು: 'ಮಿಸ್, ಆ ಡ್ರೈವರ್ ನಮ್ಮ ಧನ್ಯಶ್ರೀ ಅಪ್ಪ.'

ಸುನಂದಾ ತಿರುಗಿ ನೋಡಿದಳು. ಮೂರನೇ ಬೆಂಚಿನಲ್ಲಿ ಧನ್ಯಶ್ರೀ ತಲೆ ತಗ್ಗಿಸಿ ಕೂತಿದ್ದಳು. ಆಸ್ಪತ್ರೆಯಲ್ಲಿ ಗಂಡನ ಬಳಿಯಿದ್ದ ತಾಯಿ, ಟೆಸ್ಟು ತಪ್ಪಿಸಿಕೊಳ್ಳಬೇಡ ಎಂದು ಅವಳನ್ನು ಬಲವಂತವಾಗಿ ಕಳಿಸಿದ್ದಳಂತೆ. ಹಾಳೆ ಕಿತ್ತರೆ ಎಲ್ಲರೆದುರು ಅವಳನ್ನು ಬೊಟ್ಟು ಮಾಡಿ ತೋರಿಸಿದಂತೆ. ಬಿಟ್ಟರೆ ಆ ದಪ್ಪ ಅಕ್ಷರಗಳು ಅವಳನ್ನೇ ನೋಡುತ್ತಿರುತ್ತವೆ. ಕೈಯನ್ನು ಸುನಂದಾ ಹಲಗೆಯತ್ತ ಚಾಚಿದಳು.

'ಇರ್ಲಿ ಬುಡಿ ಮಿಸ್,' ಎಂದಳು ಧನ್ಯಶ್ರೀ.

ಅವಳೇ ಹಲಗೆಯ ಬಳಿ ಬಂದು ದಪ್ಪ ಅಕ್ಷರದ ಸುದ್ದಿಯ ಒಂದು ಸಾಲಿನ ಕೆಳಗೆ ಬೆರಳಿಟ್ಟು ಓದಿದಳು. '"ಚಾಲಕ ಕುಡಿದಿದ್ದ ಎನ್ನಲಾಗಿದೆ." ಯಾರು ಅಂದಿದ್ದು ಅಂತ ಬರ್ದಿಲ್ಲ. ಪೊಲೀಸ್ರು ಹೇಳಿದ್ರು ಅಂತಿಲ್ಲ, ಡಾಕ್ಟ್ರು ಹೇಳಿದ್ರು ಅಂತಿಲ್ಲ. ಒಳಗೆ "ಎನ್ನಲಾಗಿದೆ", ಮೇಲೆ ಮಾತ್ರ ಕುಡ್ದೇ ಬುಟ್ಟವ್ರೆ.'

'ಹಂಗಾದ್ರೆ ಸುಳ್ಳು ತಾನೇ?' ಪವಿತ್ರಾ ಕೇಳಿದಳು.

ಧನ್ಯಶ್ರೀ ಹಾಳೆಯಿಂದ ಬೆರಳು ತೆಗೆದಳು. 'ಗೊತ್ತಿಲ್ಲ ಕಣೇ. ಒಂದೊಂದ್ ಸತಿ ಕುಡೀತಾರೆ.'

ಸುನಂದಾ ತರಗತಿ ಅಲ್ಲಿಗೇ ಬಿಟ್ಟು, ಟೆಸ್ಟು ಮುಗಿಯುವವರೆಗೆ ಕಾದಿದ್ದು ಹುಡುಗಿಯ ಜತೆ ಆಸ್ಪತ್ರೆಗೆ ಹೊರಟಳು.

ಕಾಲಿಗೆ ಕಟ್ಟು ಹಾಕಿಸಿಕೊಂಡು ಮಲಗಿದ್ದ ಅವಳ ಅಪ್ಪ ತಿಮ್ಮರಾಜುವಿಗೆ ಪತ್ರಿಕೆಯ ಸುದ್ದಿ ಆಗಲೇ ಮುಟ್ಟಿತ್ತು. 'ಕುಡ್ದಿರ್ಲಿಲ್ಲ ಕಣವ್ವ,' ಎಂದ, ಮಗಳನ್ನು ಕಂಡೊಡನೆ.

'ರಕ್ತ ತಗೊಂಡ್ರೇನಪ್ಪ ಟೆಸ್ಟಿಗೆ?'

ತಿಮ್ಮರಾಜು ಅವಳ ಮುಖವನ್ನೇ ನೋಡಿದ. 'ತಗೊಂಡವ್ರೆ,' ಎಂದು ಗೋಡೆ ಕಡೆ ತಿರುಗಿಬಿಟ್ಟ. ಪ್ರಶ್ನೆ ಕೇಳದೆ ಏನನ್ನೂ ನಂಬಬೇಡಿ ಎಂದು ವರ್ಷವೆಲ್ಲ ಹೇಳಿಕೊಟ್ಟವಳು ತಾನೇ ಎಂದು ಸುನಂದಾ ಒಳಗೊಳಗೇ ಕುಗ್ಗಿಹೋದಳು.

ಮುಂದಿನ ನಾಲ್ಕು ದಿನ ಸುನಂದಾ ಫೋನ್ ಗುಣುಗಿದರೂ ಬೆಚ್ಚುತ್ತಿದ್ದಳು. ಕುಡಿದಿದ್ದ ಎಂದೇ ಬಂದರೆ ಆ ಹುಡುಗಿ ಮತ್ತೆ ಕಾಲೇಜಿನ ಮೆಟ್ಟಿಲು ಹತ್ತುವುದುಂಟೆ?

ಐದನೆಯ ದಿನ ವರದಿ ಬಂತು. ರಕ್ತದಲ್ಲಿ ಮದ್ಯದ ಅಂಶವಿರಲಿಲ್ಲ. ಅದರ ಪ್ರತಿ ಹಿಡಿದು ಧನ್ಯಶ್ರೀ, ಸುನಂದಾ ಇಬ್ಬರೂ ಆ ಪತ್ರಿಕೆಯ ಕಚೇರಿಗೆ ಹೋದರು. ಮಾರನೆಯ ದಿನ ಏಳನೆಯ ಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ಸ್ಪಷ್ಟನೆ ಬಂತು.

ಧನ್ಯಶ್ರೀ ಆಸ್ಪತ್ರೆಯಲ್ಲಿ ಅದನ್ನು ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದಳು.

'ಅವ್ರು ಬರ್ದಿದ್ದು ಹಾಳಾಗ್ಲಿ. ನೀನೂ ಕೇಳ್ಬುಟ್ಯಲ್ಲವ್ವ,' ಎಂದ ತಿಮ್ಮರಾಜು.

'ಹೂಂ ಕಣಪ್ಪ, ಕೇಳ್ಬುಟ್ಟೆ. ಕೇಳ್ದಂಗೇ ನಂಬಿದ್ರೆ ಒಳಗೊಳಗೇ ಕೊರೀತಿತ್ತು.'

ಬಾಗಿಲಲ್ಲಿ ನಿಂತಿದ್ದ ಸುನಂದಾ ಒಳಗೆ ಹೋಗುವುದೋ ಹಿಂದಿರುಗುವುದೋ ತಿಳಿಯದೆ ಚೌಕಟ್ಟು ಹಿಡಿದುಕೊಂಡಳು. ತಿಮ್ಮರಾಜು ಕಟ್ಟು ಹಾಕಿದ ಕಾಲನ್ನು ಎರಡು ಕೈಯಲ್ಲೂ ಹಿಡಿದು, ನೋವಿಗೆ ಹಲ್ಲು ಕಚ್ಚಿಕೊಂಡು ಒಂದಿಷ್ಟು ಸರಿಸಿ, ಮಗಳು ಕೂರಲು ಮಂಚದಲ್ಲಿ ಜಾಗ ಮಾಡಿದ.